ಅವಳಿ ಮಕ್ಕಳಾಗುವುದು ತವರಿನ ಕಡೆಯಿಂದಲೋ, ಗಂಡನ ಕಡೆಯಿಂದಲೋ, ಮಾತ್ರೆಯಿಂದಲೋ?

ಹೊಸನಗರದ ಸೊಸೆ:
ಎಲ್ಲರಿಗೂ ನಮಸ್ಕಾರ. ನನಗೆ 34 ವರ್ಷ, ಎತ್ತರ 5 ಅಡಿ 5 ಇಂಚು, ಮೊದಲ ಮಗುವಿಗೆ 5 ತುಂಬಿದೆ. ಮುಟ್ಟು 28–30 ದಿನಕ್ಕೆ ಸರಿಯಾಗಿ ಆಗುತ್ತದೆ. ಈಗ ಎರಡನೆಯದಕ್ಕೆ ನೋಡುತ್ತಿದ್ದೇವೆ. ನನ್ನ ಚಿಕ್ಕಮ್ಮನಿಗೆ (ಅಮ್ಮನ ಸ್ವಂತ ತಂಗಿ) ಒಂದು ಗಂಡು, ಒಂದು ಹೆಣ್ಣು ಅವಳಿ. ನನ್ನ ಮಾವನವರ ತಾಯಿಗೂ ಅವಳಿ ಆಗಿತ್ತಂತೆ. "ಎರಡೂ ಕಡೆ ಇದೆ, ನಿಂಗೂ ಅವಳಿನೇ" ಅಂತ ಮನೆಯಲ್ಲಿ ಹೇಳುತ್ತಾರೆ. ಜೋಡಿ ಬಾಳೆಹಣ್ಣು ತಿನ್ನು, ಸುವರ್ಣಗೆಡ್ಡೆ ತಿನ್ನು ಅನ್ನುವವರೂ ಇದ್ದಾರೆ. ಪರಿಚಯದವರೊಬ್ಬರು, ಮುಟ್ಟಿನ ಎರಡನೇ ದಿನದಿಂದ ಐದು ದಿನ ಕ್ಲೋಮಿಫೀನ್ (ಅಂಡ ಬಿಡುಗಡೆ ಮಾಡಿಸುವ ಮಾತ್ರೆ) ನುಂಗಿದರೆ ಅವಳಿ ಆಗುತ್ತದೆ, ಮೆಡಿಕಲ್‌ನಲ್ಲೇ ಕೇಳಿದರೆ ಕೊಡುತ್ತಾರೆ ಅಂದರು. ಇದರಲ್ಲಿ ನಿಜ ಎಷ್ಟು? ಅವಳಿ ಆದರೆ ನನಗೆ ಸಂತೋಷವೇ, ಆದರೆ ತಿಳಿದುಕೊಂಡು ಹೆಜ್ಜೆ ಇಡಬೇಕು ಅಂತ ಕೇಳುತ್ತಿದ್ದೇನೆ.

ಜೀವಶಾಸ್ತ್ರ ಸಾಗರ:
ಮೊದಲು ಮನೆತನದ ವಿಷಯ ಹೇಳುತ್ತೇನೆ, ಗೊಂದಲ ಹೆಚ್ಚಿರುವುದು ಅಲ್ಲೇ.

ಅವಳಿಯಲ್ಲಿ ಎರಡು ಬಗೆ. ಒಂದೇ ಭ್ರೂಣ ಒಡೆದು ಎರಡಾದರೆ ತದ್ರೂಪಿಗಳು. ಇದು ಜಗತ್ತಿನ ಎಲ್ಲ ಕಡೆ ಸಾವಿರ ಹೆರಿಗೆಗೆ ಸುಮಾರು 4ರಂತೆ ಆಗುತ್ತದೆ, ವಂಶಕ್ಕೂ ಇದಕ್ಕೂ ಸಾಮಾನ್ಯವಾಗಿ ಸಂಬಂಧವಿಲ್ಲ. ಒಂದೇ ತಿಂಗಳಲ್ಲಿ ಎರಡು ಅಂಡ ಬಿಡುಗಡೆಯಾಗಿ, ಎರಡು ಬೇರೆ ವೀರ್ಯಾಣುಗಳಿಂದ ಫಲಿತವಾದರೆ ಭಿನ್ನ ಅವಳಿ. ಈ ಮಕ್ಕಳು ಬೇರೆ ಬೇರೆ ವರ್ಷ ಹುಟ್ಟಿದ ಅಣ್ಣ-ತಂಗಿಯರಷ್ಟೇ ಹೋಲುತ್ತವೆ. ನಿಮ್ಮ ಚಿಕ್ಕಮ್ಮನ ಮಕ್ಕಳು ಗಂಡು-ಹೆಣ್ಣು ಆದ್ದರಿಂದ ಭಿನ್ನ ಅವಳಿಯೇ, ಅದರಲ್ಲಿ ಅನುಮಾನವಿಲ್ಲ.

ಎರಡು ಅಂಡ ಬಿಡುವುದು ಹೆಣ್ಣಿನ ಅಂಡಾಶಯದ ಕೆಲಸ. ಹಾಗಾಗಿ ಲೆಕ್ಕಕ್ಕೆ ಬರುವುದು ನಿಮ್ಮ ದೇಹದಲ್ಲಿರುವ ವಂಶವಾಹಿಗಳು, ನಿಮ್ಮ ಯಜಮಾನರದ್ದಲ್ಲ. ಅವರ ಅಜ್ಜಿಯ ಗುಣ ಮಾವನವರ ಮೂಲಕ ಅವರಿಗೆ ಬಂದಿದ್ದರೂ ಅದು ನಿಮ್ಮ ಅಂಡಾಶಯವನ್ನು ಮುಟ್ಟುವುದಿಲ್ಲ. ನಿಮಗೆ ಮಗಳಿದ್ದರೆ ಆಕೆಗೆ ದಾಟಬಹುದು, ಮುಂದೆ ಆಕೆಯ ಬಸಿರಿನಲ್ಲಿ ಕಾಣಿಸಬಹುದು. ಹಾಗೆಂದು "ತಾಯಿಯ ಕಡೆಯಿಂದ ಮಾತ್ರ ಬರುತ್ತದೆ" ಅನ್ನುವುದೂ ಪೂರ್ತಿ ಸರಿಯಲ್ಲ. ನಿಮ್ಮ ಅಪ್ಪನ ತಾಯಿಗೆ ಅವಳಿ ಆಗಿದ್ದರೆ ಅದೂ ನಿಮಗೆ ಬಂದಿರಬಹುದು.

2016ರಲ್ಲಿ ಎಫ್‌ಎಸ್‌ಎಚ್‌ಬಿ ಮತ್ತು ಎಸ್‌ಎಂಎಡಿ3 ಎಂಬ ಎರಡು ವಂಶವಾಹಿಗಳ ಬಳಿಯ ವ್ಯತ್ಯಾಸಗಳಿಗೂ ಭಿನ್ನ ಅವಳಿಗೂ ನಂಟಿರುವುದು ಗೊತ್ತಾಯಿತು. ಮೊದಲನೆಯದು ಅಂಡಕೋಶ ಬೆಳೆಸುವ ಎಫ್‌ಎಸ್‌ಎಚ್ ಹಾರ್ಮೋನಿನ ಮಟ್ಟಕ್ಕೆ, ಎರಡನೆಯದು ಆ ಹಾರ್ಮೋನಿಗೆ ಅಂಡಾಶಯ ಎಷ್ಟು ಸ್ಪಂದಿಸುತ್ತದೆ ಅನ್ನುವುದಕ್ಕೆ ಸಂಬಂಧಿಸಿದ್ದು. ಒಂದೊಂದರ ಪ್ರಭಾವ ಸಣ್ಣದು.

ಲೆಕ್ಕ ಹಾಕಿ ನೋಡಿ. ನಮ್ಮ ದೇಶದಲ್ಲಿ ಸಹಜವಾಗಿ ಅವಳಿ ಆಗುವುದು ಸಾವಿರ ಹೆರಿಗೆಗೆ ಹತ್ತರ ಆಸುಪಾಸು, ಅದಕ್ಕಿಂತ ಕಡಿಮೆ ಅಂದರೂ ತಪ್ಪಿಲ್ಲ. ಅದರಲ್ಲಿ 4 ತದ್ರೂಪಿ. ಉಳಿದ ಐದಾರು ಭಿನ್ನ ಅವಳಿ. ತಾಯಿಗೋ ಒಡಹುಟ್ಟಿದ ಅಕ್ಕ-ತಂಗಿಗೋ ಭಿನ್ನ ಅವಳಿ ಇದ್ದರೆ ಈ ಸಂಖ್ಯೆ ಸುಮಾರು ಎರಡು ಪಟ್ಟಾಗುತ್ತದೆ. ಅಂದರೆ ನೂರಕ್ಕೆ ಒಂದು! ಚಿಕ್ಕಮ್ಮ ಇನ್ನೊಂದು ಹೆಜ್ಜೆ ದೂರದ ನಂಟು, ಪರಿಣಾಮ ಇನ್ನೂ ಕಡಿಮೆ. "ನಿಂಗೂ ಅವಳಿನೇ" ಅನ್ನುವವರಿಗೆ ಇದನ್ನು ತಿಳಿಸಿ ಹೇಳಿ.

ವಯಸ್ಸಿನ ಪ್ರಭಾವ ಮನೆತನಕ್ಕಿಂತ ಕಡಿಮೆಯೇನಲ್ಲ. ಅಂಡಗಳ ದಾಸ್ತಾನು ಇಳಿದಂತೆ ಮೆದುಳು ಎಫ್‌ಎಸ್‌ಎಚ್ ಹೆಚ್ಚು ಬಿಡುತ್ತದೆ, ಕೆಲವು ತಿಂಗಳು ಒಂದರ ಬದಲು ಎರಡು ಅಂಡ ಮಾಗುತ್ತವೆ. 35ರಿಂದ 39ರ ನಡುವೆ ಇದು ಅತಿ ಹೆಚ್ಚು. ಆದರೆ ಅದೇ ವಯಸ್ಸಿನಲ್ಲಿ ಬಸಿರು ನಿಲ್ಲುವ ಸಾಧ್ಯತೆ ಇಳಿಯುತ್ತದೆ, ಗರ್ಭಪಾತ ಹೆಚ್ಚುತ್ತದೆ. ಅವಳಿಯ ಆಸೆಗೆ ತಡ ಮಾಡುವುದು ಬೇಡವೇ ಬೇಡ. ಈಗಾಗಲೇ ಹೆತ್ತವರಲ್ಲಿ, ಎತ್ತರದವರಲ್ಲಿ, ದಪ್ಪಗಿರುವವರಲ್ಲಿ (ಬಿಎಂಐ 30ಕ್ಕಿಂತ ಮೇಲೆ) ಸ್ವಲ್ಪ ಹೆಚ್ಚು ಕಂಡುಬಂದಿದೆ. ಅದಕ್ಕಾಗಿ ತೂಕ ಏರಿಸಿಕೊಂಡರೆ ಬರುವುದು ಬಿಪಿ, ಶುಗರ್.

ಪಥ್ಯ ತೀರ್ಥಹಳ್ಳಿ:
ತಿನ್ನುವ ವಿಷಯಕ್ಕೆ ನಾನು ಉತ್ತರಿಸುತ್ತೇನೆ. ಜೋಡಿ ಬಾಳೆಹಣ್ಣು ಅಂಟಿಕೊಂಡು ಬೆಳೆದ ಎರಡು ಕಾಯಿ, ಅಷ್ಟೇ. ಹಸಿವಾದರೆ ತಿನ್ನಿ. ಗೆಡ್ಡೆಯ ಮಾತು ಬಂದಿದ್ದು ನೈಜೀರಿಯಾದ ಯೊರುಬಾ ಜನರಿಂದ. ಅವರಲ್ಲಿ ಅವಳಿ ಬಹಳ ಹೆಚ್ಚು, ಅವರ ಮುಖ್ಯ ಆಹಾರ ಒಂದು ಜಾತಿಯ ಗೆಣಸು. ಆದರೆ ಕಾರಣ ಆ ಗೆಣಸೇ ಎಂದು ಸಾಬೀತಾಗಿಲ್ಲ. ಮೇಲಾಗಿ ಆ ಗೆಣಸು ನಮ್ಮ ಹೆಗ್ಗೆಣಸಿನ ಕುಲ, ಸುವರ್ಣಗೆಡ್ಡೆ ಕೆಸುವಿನ ಕುಟುಂಬದ್ದು. ಎರಡಕ್ಕೂ ನಂಟಿಲ್ಲ.

ಫಾಲಿಕ್ ಆಸಿಡ್‌ನಿಂದ ಅವಳಿ ಆಗುತ್ತದೆಂದು ಹೆದರಿ ಬಿಡುವವರಿದ್ದಾರೆ. ಚೀನಾದಲ್ಲಿ ಲಕ್ಷಗಟ್ಟಲೆ ಹೆಂಗಸರನ್ನು ಗಮನಿಸಿದ ಅಧ್ಯಯನದಲ್ಲಿ ಅಂಥ ಪರಿಣಾಮ ಕಾಣಲಿಲ್ಲ. ದಿನಕ್ಕೆ 400 ಮೈಕ್ರೋಗ್ರಾಂ, ಬಸಿರಿಗೆ ಕನಿಷ್ಠ ಒಂದು ತಿಂಗಳು ಮೊದಲಿನಿಂದ ಮೂರು ತಿಂಗಳು ತುಂಬುವವರೆಗೆ ತಗೊಳ್ಳಿ. ಇದು ಮಗುವಿನ ಬೆನ್ನುಹುರಿಯ ದೋಷ ತಡೆಯಲು. ಊಟದ ಮೇಲೆ ಎಲೆ-ಅಡಿಕೆ ಹಾಕುವ ರೂಢಿ ಇದ್ದರೆ ಈಗಲೇ ನಿಲ್ಲಿಸಿ, ಬಸಿರಿನಲ್ಲಿ ಅಡಿಕೆ ಮಗುವಿನ ತೂಕ ತಗ್ಗಿಸುತ್ತದೆ.

ಒಬಿಜಿ ಶಿವಮೊಗ್ಗ:
ಕ್ಲೋಮಿಫೀನ್ ಬಗ್ಗೆ ಬಿಡಿಸಿ ಹೇಳಲೇಬೇಕು, ಏಕೆಂದರೆ ಇಡೀ ಚರ್ಚೆಯಲ್ಲಿ ನಿಮಗೆ ಹಾನಿ ಮಾಡಬಲ್ಲದ್ದು ಅದೊಂದೇ.

ಸಾಮಾನ್ಯ ತಿಂಗಳಲ್ಲಿ ಹಲವು ಫಾಲಿಕಲ್‌ಗಳು (ಒಂದೊಂದು ಅಂಡವಿರುವ ಅಂಡಕೋಶಗಳು) ಬೆಳೆಯಲು ಶುರು ಮಾಡುತ್ತವೆ. ಮುಂದೋಡಿದ ಒಂದು ಫಾಲಿಕಲ್ ಈಸ್ಟ್ರೋಜನ್ ಹಾರ್ಮೋನ್ ಬಿಡುತ್ತದೆ, ಅದನ್ನು ಕಂಡು ಮೆದುಳು ಎಫ್‌ಎಸ್‌ಎಚ್ ಇಳಿಸುತ್ತದೆ, ಉಳಿದವು ಒಣಗುತ್ತವೆ. ಒಂದೇ ಅಂಡ ಉಳಿಯುವುದು ಹೀಗೆ. ಕ್ಲೋಮಿಫೀನ್ ಮೆದುಳಿಗೆ ಈಸ್ಟ್ರೋಜನ್ ಕಾಣದಂತೆ ಮಾಡುತ್ತದೆ. ಮಾತ್ರೆ ನಿಲ್ಲಿಸಿದ ಮೇಲೂ ಬಹಳ ದಿನ ದೇಹದಲ್ಲಿ ಉಳಿಯುವುದರಿಂದ ಎಫ್‌ಎಸ್‌ಎಚ್ ಇಳಿಯುವುದೇ ಇಲ್ಲ, ಎರಡು ಮೂರು ಫಾಲಿಕಲ್ ಒಟ್ಟಿಗೆ ಮಾಗುತ್ತವೆ. ಇದೇ ಕೆಲಸಕ್ಕೆ ಕೊಡುವ ಇನ್ನೊಂದು ಮಾತ್ರೆ ಲೆಟ್ರೊಜೋಲ್ ಈಸ್ಟ್ರೋಜನ್ ತಯಾರಿಯನ್ನೇ ಕೆಲವು ದಿನ ತಗ್ಗಿಸುತ್ತದೆ, ಬೇಗ ಹೊರಹೋಗುತ್ತದೆ, ಮೆದುಳಿನ ಹಿಡಿತ ಮತ್ತೆ ಬರುತ್ತದೆ. ಪಿಸಿಒಎಸ್ (ಹಾರ್ಮೋನ್ ಏರುಪೇರಿನಿಂದ ಅಂಡ ಸರಿಯಾಗಿ ಬಿಡುಗಡೆಯಾಗದ ತೊಂದರೆ) ಇರುವ 750 ಹೆಂಗಸರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ನಿಂತ ಬಸಿರುಗಳ ಪೈಕಿ ಅವಳಿ ಕ್ಲೋಮಿಫೀನ್‌ಗೆ 7.4%, ಲೆಟ್ರೊಜೋಲ್‌ಗೆ 3.4%. ಜೀವಂತ ಹೆರಿಗೆಯಲ್ಲೂ ಲೆಟ್ರೊಜೋಲ್ ಮುಂದಿತ್ತು. ಅಂದರೆ ಕ್ಲೋಮಿಫೀನ್ ತಗೊಂಡರೂ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಬಸಿರು ಒಂಟಿಯೇ. "ನುಂಗಿದರೆ ಅವಳಿ" ಎಂಬುದು ಸುಳ್ಳು. ಹಾರ್ಮೋನ್ ಇಂಜೆಕ್ಷನ್‌ಗಳಲ್ಲಿ ಪ್ರಮಾಣ ಇನ್ನೂ ಹೆಚ್ಚು. ಐವಿಎಫ್‌ನಲ್ಲಿ (ಪ್ರನಾಳ ಶಿಶು ಚಿಕಿತ್ಸೆ) ಎಷ್ಟು ಭ್ರೂಣ ಇಡುತ್ತಾರೆ ಅನ್ನುವುದರ ಮೇಲೆ ನಿಂತಿದೆ. ಒಂದೇ ಇಟ್ಟರೆ ಅವಳಿ ಅಪರೂಪ, ಆದರೂ ಅದು ಒಡೆದು ತದ್ರೂಪಿ ಆಗಬಹುದು.

ನಾವು 50 ಮಿ.ಗ್ರಾಂ. ಕ್ಲೋಮಿಫೀನ್ ಅಥವಾ 2.5 ಮಿ.ಗ್ರಾಂ. ಲೆಟ್ರೊಜೋಲ್‌ನಿಂದ ಐದು ದಿನ ಶುರು ಮಾಡುವುದು ಅಂಡ ಬಿಡದವರಿಗೆ. ಜೊತೆಗೆ 9–10ನೇ ದಿನದಿಂದ ಫಾಲಿಕಲ್ ಸ್ಕ್ಯಾನ್ ಇರುತ್ತದೆ. ಸುಮಾರು 18–20 ಮಿ.ಮೀ. ಆದದ್ದು ಮಾಗಿದೆ ಎಂದರ್ಥ. ಮೂರು ಅಥವಾ ಅದಕ್ಕಿಂತ ಹೆಚ್ಚು ಫಾಲಿಕಲ್ ದೊಡ್ಡದಾಗಿದ್ದರೆ ಆ ತಿಂಗಳು ಕೂಡಬೇಡಿ ಎನ್ನುತ್ತೇವೆ, ಏಕೆಂದರೆ ಮುಂದೆ ಕಾಣುವುದು ತ್ರಿವಳಿ. ಸ್ಕ್ಯಾನ್ ಇಲ್ಲದೆ ನುಂಗಿದವರಿಗೆ ಈ ಎಚ್ಚರಿಕೆಯೇ ಸಿಗುವುದಿಲ್ಲ. ಕ್ಲೋಮಿಫೀನ್ ಗರ್ಭಕೋಶದ ಒಳಪದರ ತೆಳುವಾಗಿಸಿ ಬಸಿರು ನಿಲ್ಲದಂತೆಯೂ ಮಾಡಬಲ್ಲದು. ಕಣ್ಣು ಮಂಜಾದರೆ ತಕ್ಷಣ ನಿಲ್ಲಿಸಬೇಕು. ಹೊಟ್ಟೆ ಉಬ್ಬಿ, ಎರಡು ದಿನದಲ್ಲಿ ತೂಕ ಏರಿ, ಮೂತ್ರ ಕಡಿಮೆಯಾಗಿ, ಉಸಿರು ಕಟ್ಟಿದರೆ ಅಂಡಾಶಯ ಅತಿಯಾಗಿ ಉದ್ರೇಕಗೊಂಡಿದೆ ಎಂದು ತಿಳಿದು ಆಸ್ಪತ್ರೆಗೆ ಹೋಗಬೇಕು. ನಿಮ್ಮ ಮುಟ್ಟು ಸರಿ ಇದೆ, ಒಮ್ಮೆ ಹೆತ್ತಿದ್ದೀರಿ. ನಿಮಗೆ ಈ ಮಾತ್ರೆಯ ಅಗತ್ಯ ಕಾಣುವುದಿಲ್ಲ. ಆರು ತಿಂಗಳು ಸಹಜವಾಗಿ ನೋಡಿ. 35ರ ಅಂಚಿನಲ್ಲಿರುವುದರಿಂದ ಅಷ್ಟರಲ್ಲಿ ನಿಲ್ಲದಿದ್ದರೆ ತೋರಿಸಿ.

ಹೊಸನಗರದ ಸೊಸೆ:
ತುಂಬಾ ಉಪಕಾರ ಆಯಿತು. ಮಾತ್ರೆ ಖಂಡಿತ ಮುಟ್ಟುವುದಿಲ್ಲ. ಅಕಸ್ಮಾತ್ ಅವಳಿಯೇ ನಿಂತರೆ ಏನೇನು ನೋಡಿಕೊಳ್ಳಬೇಕು? ಮಳೆಗಾಲದಲ್ಲಿ ನಮ್ಮ ಕಡೆ ಮರ ಬಿದ್ದು ರಸ್ತೆ ಕಟ್ಟುತ್ತದೆ. ಸ್ಕ್ಯಾನ್‌ನಲ್ಲಿ ಎರಡು ಮಾಸು (ಪ್ಲಾಸೆಂಟಾ) ಕಂಡರೆ ಭಿನ್ನ ಅವಳಿ ಅನ್ನುವುದು ನಿಜವೇ?

ಲೇಬರ್ ವಾರ್ಡ್ ಸಿಸ್ಟರ್:
ಪೂರ್ತಿ ನಿಜವಲ್ಲ. ಭಿನ್ನ ಅವಳಿಗೆ ಎರಡು ಮಾಸು ಇದ್ದೇ ಇರುತ್ತದೆ, ಆದರೆ ತದ್ರೂಪಿಗಳಲ್ಲೂ ಸುಮಾರು ಮೂರರಲ್ಲಿ ಒಂದು ಭಾಗಕ್ಕೆ ಎರಡಿರುತ್ತದೆ. ಕೆಲವೊಮ್ಮೆ ಭಿನ್ನ ಅವಳಿಯ ಮಾಸುಗಳು ಅಂಟಿಕೊಂಡು ಒಂದೇ ಎಂಬಂತೆ ಕಾಣುವುದೂ ಇದೆ. ಆದ್ದರಿಂದ 11ರಿಂದ 14ನೇ ವಾರದೊಳಗಿನ ಸ್ಕ್ಯಾನ್ ತಪ್ಪಿಸಬೇಡಿ. ಮಾಸು ಒಂದೋ ಎರಡೋ ಅನ್ನುವುದು ಆಗ ಚೆನ್ನಾಗಿ ಗೊತ್ತಾಗುತ್ತದೆ, ಆಮೇಲೆ ಕಷ್ಟ. ಅದನ್ನು ತಾಯಿ ಕಾರ್ಡ್‌ನಲ್ಲಿ ಬರೆಸಿಕೊಳ್ಳಿ, ಮುಂದಿನ ಸ್ಕ್ಯಾನ್‌ಗಳ ಲೆಕ್ಕ ಅದರ ಮೇಲೆಯೇ. ಎರಡು ಮಾಸಿದ್ದರೆ 20 ವಾರದ ನಂತರ ನಾಲ್ಕು ವಾರಕ್ಕೊಮ್ಮೆ, ಒಂದೇ ಇದ್ದರೆ 16ರಿಂದಲೇ ಎರಡು ವಾರಕ್ಕೊಮ್ಮೆ.

ಅವಳಿಗಳಲ್ಲಿ ಅರ್ಧಕ್ಕೂ ಹೆಚ್ಚು 37 ವಾರ ತುಂಬುವ ಮೊದಲೇ ಹುಟ್ಟುತ್ತವೆ. ನಿಮ್ಮ ಊರಿನ ಮಟ್ಟಿಗೆ ಮುಖ್ಯ ವಿಷಯ ಇದೇ. ಹೆರಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಆಗಬಹುದು, ಆದರೆ 32 ವಾರದ ಎರಡು ಕೂಸುಗಳಿಗೆ ನವಜಾತ ಶಿಶುಗಳ ಐಸಿಯು, ವೆಂಟಿಲೇಟರ್ ಬೇಕು. ಅದಕ್ಕೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಅಥವಾ ಅಂಥ ಸೌಲಭ್ಯ ಇರುವ ಬೇರೆ ಆಸ್ಪತ್ರೆ. ಕೊನೆಯ ತಿಂಗಳುಗಳು ಜೂನ್‌ನಿಂದ ಆಗಸ್ಟ್‌ಗೆ ಬೀಳುವಂತಿದ್ದರೆ 30–32 ವಾರದ ಹೊತ್ತಿಗೆ ಶಿವಮೊಗ್ಗದಲ್ಲೋ ಹತ್ತಿರದ ಊರಲ್ಲೋ ನಂಟರ ಮನೆ ಗೊತ್ತು ಮಾಡಿಕೊಳ್ಳಿ.

34 ವಾರಕ್ಕೆ ಮೊದಲು ನೋವು ಶುರುವಾದರೆ ಮಗುವಿನ ಶ್ವಾಸಕೋಶ ಬಲಿಯಲು ಡೆಕ್ಸಾಮೆಥಾಸೋನ್ ಕೊಡುತ್ತಾರೆ, 6 ಮಿ.ಗ್ರಾಂ.ನಂತೆ 12 ಗಂಟೆಗೊಮ್ಮೆ ನಾಲ್ಕು ಸಲ. ಮೊದಲ ಇಂಜೆಕ್ಷನ್ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಹಾಕಿಸಿಕೊಂಡು 108ರಲ್ಲಿ ಹೊರಡಿ. ಹೊಟ್ಟೆ ಆಗಾಗ ಕಲ್ಲಿನಂತಾಗುವುದು, ನೀರು ಹೋಗುವುದು, ರಕ್ತ ಕಾಣುವುದು, ತಲೆನೋವಿನ ಜೊತೆ ಕಣ್ಣು ಮಂಜಾಗುವುದು, ಇವಕ್ಕೆ ಬೆಳಗಾಗುವವರೆಗೆ ಕಾಯಬಾರದು. ಅವಳಿಯಲ್ಲಿ ರಕ್ತಹೀನತೆ, ಬಿಪಿ, ಹೆರಿಗೆ ನಂತರದ ರಕ್ತಸ್ರಾವ ಎಲ್ಲವೂ ಹೆಚ್ಚು. ಕಬ್ಬಿಣದ ಮಾತ್ರೆಯನ್ನು ಕಾಫಿ-ಟೀ ಜೊತೆ ನುಂಗಬೇಡಿ, ಒಂದು ಗಂಟೆ ಅಂತರ ಇರಲಿ. ಎರಡು ಯೂನಿಟ್ ರಕ್ತ ಕೊಡುವವರನ್ನೂ ಮೊದಲೇ ನೋಡಿಟ್ಟುಕೊಳ್ಳಿ.