ಮರದ ಹೊಟ್ಟು ಎಳೆಯುವ ಡಕ್ಟ್ (ಗಾಳಿ ಕೊಳವೆ) ಎಷ್ಟು ಇಂಚಿರಬೇಕು? ಮಾಡಿಸಿದವರು ಹೇಳಿ

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು ಚಿಕ್ಕ ಫರ್ನಿಚರ್ ಯೂನಿಟ್. ಪ್ಯಾನಲ್ ಸಾ, ಪ್ಲೇನರ್, ಸ್ಯಾಂಡರ್ ಮೂರಕ್ಕೂ ಒಂದೇ ಬ್ಲೋವರ್ ಹಾಕಿಸುತ್ತಿದ್ದೇವೆ. ‘ಮೇನ್ ಡಕ್ಟ್ 12 ಇಂಚು ಇರಲಿ, ಮುಂದೆ ಮಷಿನ್ ಬಂದರೂ ಆಗುತ್ತೆ’ ಅಂತಾರೆ ಡಕ್ಟ್ ಮಾಡುವವರು. ಸರೀನಾ?

ಕಾಮಾಕ್ಷಿಪಾಳ್ಯದಿಂದ: ಆ ‘ಮುಂದೆ ಆಗುತ್ತೆ’ ಮಾತಿಗೆ ನಾನೂ ಬಿದ್ದಿದ್ದೆ ಸರ್. ನಾಲ್ಕೇ ತಿಂಗಳು. ಒಂದು ದಿನ ಸ್ಪ್ಯಾನರ್‌ನಲ್ಲಿ ಡಕ್ಟ್ ತಟ್ಟಿದೆ. ಮೇಲುಗಡೆ ಠಣ್ ಅಂತು, ಕೆಳಗಡೆ ದಬ್ ಅಂತು. ಬಿಚ್ಚಿ ನೋಡಿದರೆ ಅರ್ಧ ಡಕ್ಟ್ ಹೊಟ್ಟು! ಹ್ಯಾಂಗರ್ ಬೇರೆ ಬಾಗಿತ್ತು.

ಪೈಪ್ ದೊಡ್ಡದಾದರೆ ಗಾಳಿ ನಿಧಾನವಾಗುತ್ತದೆ, ಹೊಟ್ಟು ಕೆಳಗೆ ಕೂರುತ್ತದೆ. ಅಷ್ಟೇ ವಿಷಯ. ಮರದ ಹೊಟ್ಟು ತೇಲಿಕೊಂಡು ಹೋಗಬೇಕಾದರೆ ಡಕ್ಟ್ ಒಳಗೆ ಗಾಳಿ ನಿಮಿಷಕ್ಕೆ ಸುಮಾರು 4000 ಅಡಿ ಓಡಬೇಕು. ಆ ವೇಗದಲ್ಲಿ 4 ಇಂಚಿನ ಪೈಪ್‌ನಲ್ಲಿ 350 ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿ), 6 ಇಂಚಿನಲ್ಲಿ 785, 8 ಇಂಚಿನಲ್ಲಿ 1400 ಹೋಗುತ್ತದೆ. ನಿಮ್ಮ ಸಾ, ಸ್ಯಾಂಡರ್‌ಗೆ ತಲಾ 4 ಇಂಚು, ಪ್ಲೇನರ್‌ಗೆ 6 ಇಂಚು ಅಂದುಕೊಳ್ಳಿ. ಒಟ್ಟು 1485. ಇದಕ್ಕೆ 8 ಇಂಚು ಸರಿಯಾಗಿ ಕೂರುತ್ತದೆ. ಇದನ್ನೇ 12 ಇಂಚಿಗೆ ಬಿಟ್ಟರೆ ವೇಗ 1900ಕ್ಕೆ ಇಳಿಯುತ್ತದೆ.

ಹಾಗಂತ ತೀರಾ ಸಣ್ಣದೂ ಬೇಡ. ವೇಗ ಎರಡರಷ್ಟಾದರೆ ಪ್ರೆಷರ್ ಲಾಸ್ ಸುಮಾರು ನಾಲ್ಕರಷ್ಟು. ಬ್ಲೋವರ್ ಕಿರುಚುತ್ತದೆ, ಎಳೆಯುವುದಿಲ್ಲ.

ಇನ್ನೊಂದು. ಪ್ಲೇನರ್ ಒಂದನ್ನೇ ಓಡಿಸಿ ಉಳಿದ ಮಷಿನ್‌ಗಳ ಪೈಪಿನ ಗೇಟ್ (ಗಾಳಿ ತಡೆಯುವ ಮುಚ್ಚಳ) ಮುಚ್ಚಿದರೆ 8 ಇಂಚಿನಲ್ಲೂ ವೇಗ ಬೀಳುತ್ತದೆ. ಪಕ್ಕದ ಗೇಟ್ ತೆರೆದಿಡಿ. ನಮ್ಮ ಹುಡುಗರಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ.

ಬೊಮ್ಮಸಂದ್ರದಿಂದ: ನಾನು ಡಕ್ಟ್ ಮಾಡುವವನು. ಸೈಜ್ ಸರಿಯಿದ್ದೂ ಎಲ್ಬೋದಲ್ಲಿ ಕೆಡಿಸಿಕೊಳ್ಳುವವರೇ ಜಾಸ್ತಿ. ತಿರುವಿನ ರೇಡಿಯಸ್ ಪೈಪ್ ಅಗಲದ ಒಂದೂವರೆಯಿಂದ ಎರಡರಷ್ಟಿರಲಿ. ಬ್ರಾಂಚ್ ಅನ್ನು ಟೀ ಥರ ನೆಟ್ಟಗೆ ಸೇರಿಸಬೇಡಿ, 30 ಡಿಗ್ರಿಯಲ್ಲಿ ಗಾಳಿ ಹೋಗುವ ಕಡೆಗೆ ವಾಲಿಸಿ, ಮೇಲಿಂದ ಇಲ್ಲವೇ ಪಕ್ಕದಿಂದ. ಕೆಳಗಿನಿಂದ ಸೇರಿಸಿದರೆ ಮೇನ್‌ನ ಹೊಟ್ಟು ಅದರೊಳಗೇ ಬೀಳುತ್ತದೆ. ಸುಕ್ಕು ಸುಕ್ಕಾದ ಫ್ಲೆಕ್ಸಿಬಲ್ ಹೋಸ್ ಎಷ್ಟು ಗಿಡ್ಡವಿದ್ದರೆ ಅಷ್ಟು ಒಳ್ಳೆಯದು.

ಯಶವಂತಪುರದಿಂದ: ಬ್ಲೋವರ್ ಕೊಳ್ಳುವಾಗ ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿದೆ ಅನ್ನುವುದು ನೆನಪಿರಲಿ. ಇಲ್ಲಿನ ಗಾಳಿ ಸುಮಾರು 10 ಪರ್ಸೆಂಟ್ ತೆಳು. ಕ್ಯಾಟಲಾಗ್‌ನಲ್ಲಿರುವ ಪ್ರೆಷರ್ ಇಲ್ಲಿ ಅಷ್ಟು ಕಮ್ಮಿ ಸಿಗುತ್ತದೆ. ವೇಗ ನೋಡಲು ಪಿಟಾಟ್ ಟ್ಯೂಬ್‌ಗೆ (ಡಕ್ಟ್ ಒಳಗೆ ತೂರಿಸಿ ಗಾಳಿಯ ವೇಗ ಅಳೆಯುವ ಸಣ್ಣ ಕೊಳವೆ) ನೀರು ತುಂಬಿದ ಪಾರದರ್ಶಕ ಪೈಪ್ ಯು ಆಕಾರದಲ್ಲಿ ಜೋಡಿಸಿ. ಎರಡು ಕಡೆಯ ನೀರಿನ ಮಟ್ಟದಲ್ಲಿ ಸುಮಾರು 22 ಮಿಲಿಮೀಟರ್ ವ್ಯತ್ಯಾಸ ಕಂಡರೆ 4000 ಅಡಿ ಸಿಕ್ಕಿದೆ ಅಂತ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್. ಪಿವಿಸಿ ಪೈಪ್ ಹಾಕಿದರೆ ಅಗ್ಗ ಅಲ್ವಾ?

ಬೊಮ್ಮಸಂದ್ರದಿಂದ: ಬೇಡ ಸರ್. ಅದರಲ್ಲಿ ಸ್ಟ್ಯಾಟಿಕ್ (ಉಜ್ಜಾಟದಿಂದ ಹುಟ್ಟುವ ವಿದ್ಯುತ್) ಕೂಡಿಕೊಳ್ಳುತ್ತದೆ, ಸ್ಯಾಂಡರ್ ಪುಡಿಗೆ ಒಂದು ಕಿಡಿ ಸಾಕು. ಜಿಐ ಶೀಟ್ ಹಾಕಿಸಿ, ಅರ್ಥಿಂಗ್ ಕೊಡಿಸಿ. ಫ್ಲೆಕ್ಸಿಬಲ್ ಹೋಸ್‌ನೊಳಗಿನ ತಂತಿಯನ್ನೂ ಎರಡೂ ತುದಿಯಲ್ಲಿ ಡಕ್ಟ್‌ಗೆ ಸೇರಿಸಿ, ಅದನ್ನು ಎಲ್ಲರೂ ಮರೆಯುತ್ತಾರೆ.