ಸೋತವನಿಗೆ ಸಂಬಳ ಕೊಟ್ಟವರು ಯಾರು?

(ಮನೆಯವರ ವಾಟ್ಸಾಪ್ ಗುಂಪು, ಭಾನುವಾರ ಬೆಳಿಗ್ಗೆ)

ಪ್ರಭಾಕರ ಚಿಕ್ಕಪ್ಪ (ಫಾರ್ವರ್ಡ್): "ಆಫೀಸಿನಲ್ಲಿ ಕಾಗದ ಹೊರುತ್ತಿದ್ದ ಹುಡುಗ ಜಗತ್ತು ಮೆಚ್ಚಿದ ನಿರ್ದೇಶಕನಾದ! ಕೊಳೆಗೇರಿಯಲ್ಲಿ ಬೆಳೆದವನು ಹಾಲಿವುಡ್ ಗೆದ್ದ! ಹಾಂಗ್‌ಕಾಂಗ್‌ನ ಈ ಕ್ಯಾಂಟೊನೀಸ್ ಸಿನಿಮಾ ನಿರ್ದೇಶಕರಿಗೆ ಡಿಗ್ರಿ ಇರಲಿಲ್ಲ, ಗಾಡ್‌ಫಾದರ್ ಇರಲಿಲ್ಲ. ಇದ್ದದ್ದು ಛಲ ಒಂದೇ. ಮಕ್ಕಳಿಗೆ ತಪ್ಪದೇ ಓದಿಸಿ."

ಪ್ರಭಾಕರ ಚಿಕ್ಕಪ್ಪ: ಸುಹಾಸ, ಪೂರ್ತಿ ಓದು. ಇಂಜಿನಿಯರಿಂಗ್ ಮುಗಿಸು, ಕೆಲಸಕ್ಕೆ ಸೇರು. ಪ್ರತಿಭೆ ಇದ್ದರೆ ಸಿನಿಮಾ ತಾನಾಗಿ ಹುಡುಕಿಕೊಂಡು ಬರುತ್ತೆ.

ಸುಹಾಸ: ಓದಿದೆ ಚಿಕ್ಕಪ್ಪ. ಇವರ್ಯಾರೂ ಬೇರೆ ಕೆಲಸಕ್ಕೆ ಸೇರಿ ಕಾಯುತ್ತಾ ಕೂತವರಲ್ಲ, ಅಲ್ವಾ?

ವೀಣಕ್ಕ: ಚಿಕ್ಕಪ್ಪ, ಇದರಲ್ಲಿ ಮನುಷ್ಯರು ನಿಜ, ಕಥೆ ಅರ್ಧ. ಕಾಗದ ಹೊರುತ್ತಿದ್ದ ಹುಡುಗ ಅಂದರೆ ಜಾನಿ ಟೋ. 17ನೇ ವಯಸ್ಸಿಗೆ ಮೆಸೆಂಜರ್ ಆಗಿ ಸೇರಿದ್ದು ಹೌದು. ಆದರೆ ಯಾವ ಆಫೀಸಿಗೆ? ಟಿವಿಬಿಗೆ. ಹಾಂಗ್‌ಕಾಂಗ್‌ನ ಅತಿ ದೊಡ್ಡ ಟಿವಿ ಚಾನೆಲ್. ಆ ಒಂದು ಮಾತನ್ನು ಬಿಟ್ಟು ಮಿಕ್ಕಿದ್ದೆಲ್ಲ ಬರೆದಿದ್ದಾರೆ.

ಪ್ರಭಾಕರ ಚಿಕ್ಕಪ್ಪ: ಎಲ್ಲಿಗೆ ಸೇರಿದರೇನಮ್ಮ? ನೂರಾರು ಹುಡುಗರು ಸೇರಿರುತ್ತಾರೆ. ಮೇಲೆ ಬಂದವನು ಒಬ್ಬ.

ವೀಣಕ್ಕ: ಒಬ್ಬರಲ್ಲ, ಅದನ್ನೇ ಹೇಳೋಕೆ ಹೊರಟಿದ್ದು. ಆನ್ ಹುಯಿ, ತ್ಸುಯಿ ಹಾರ್ಕ್, ಪ್ಯಾಟ್ರಿಕ್ ಟ್ಯಾಮ್, ರಿಂಗೋ ಲ್ಯಾಮ್, ವಾಂಗ್ ಕಾರ್-ವಾಯ್. ಎಲ್ಲರೂ ಹಾಂಗ್‌ಕಾಂಗ್‌ನ ಹೆಸರಾಂತ ನಿರ್ದೇಶಕರು, ಎಲ್ಲರೂ ಒಂದಲ್ಲ ಒಂದು ಹೊತ್ತಿನಲ್ಲಿ ಟಿವಿಬಿಯಲ್ಲಿ ಕೆಲಸ ಮಾಡಿದವರು. ಒಂದೇ ಚಾನೆಲ್‌ನಿಂದ ಇಷ್ಟು ಜನ ಬಂದರೆ ಅದನ್ನು ಬರೀ ಛಲ ಅಂತ ಹೇಗೆ ಹೇಳೋದು? 1970ರ ದಶಕದ ಮಧ್ಯದಲ್ಲಿ ಆ ಚಾನೆಲ್ ವಯಸ್ಸಿನ್ನೂ ಮೂವತ್ತು ದಾಟದ ಹುಡುಗ ಹುಡುಗಿಯರ ಕೈಗೆ 16 ಎಂಎಂ ಫಿಲ್ಮ್ ಕ್ಯಾಮೆರಾ ಕೊಟ್ಟು ಬೀದಿಗೆ ಕಳಿಸಿತು. ಪೊಲೀಸರ ಕಥೆ, ಸಮಾಜ ಸೇವಕರ ಕಥೆ ಮಾಡಿ ಅಂತ. ಒಂದು ಕಂತು ಕೆಟ್ಟರೆ ಮುಂದಿನ ಕಂತು ಇತ್ತು. ತಿಂಗಳ ಕೊನೆಗೆ ಸಂಬಳ ಇತ್ತು.

ವೀಣಕ್ಕ: ಡಿಗ್ರಿ ಇರಲಿಲ್ಲ ಅನ್ನೋದಂತೂ ಸುಳ್ಳು. ಆನ್ ಹುಯಿ ಹಾಂಗ್‌ಕಾಂಗ್ ಯೂನಿವರ್ಸಿಟಿಯಲ್ಲಿ ಎಂ.ಎ. ಮಾಡಿ, ಲಂಡನ್ ಫಿಲ್ಮ್ ಸ್ಕೂಲಿಗೆ ಹೋಗಿ ಬಂದವರು. ತ್ಸುಯಿ ಹಾರ್ಕ್ ಓದಿದ್ದು ಅಮೆರಿಕದ ಟೆಕ್ಸಸ್‌ನಲ್ಲಿ.

ಪ್ರಭಾಕರ ಚಿಕ್ಕಪ್ಪ: ಜಾನ್ ವೂ? ಕೊಳೆಗೇರಿ ಹುಡುಗ. 1953ರ ಬೆಂಕಿಯಲ್ಲಿ ಮನೆ ಕಳೆದುಕೊಂಡ ಕುಟುಂಬ ಅಂತ ಇದೆ. ಅದೂ ಸುಳ್ಳಾ?

ವೀಣಕ್ಕ: ಅದು ನಿಜ. ಹಾಂಗ್‌ಕಾಂಗ್‌ನ ಶೆಕ್ ಕಿಪ್ ಮೇಯ್ ಕೊಳೆಗೇರಿಯ ಬೆಂಕಿ. ಆದರೆ ಆ ಬೆಂಕಿಗೂ ಹಾಲಿವುಡ್‌ಗೂ ನಡುವೆ ಏನಾಯ್ತು ಅಂತ ನೋಡಿ. 1969ರಲ್ಲಿ ಕ್ಯಾಥೇ ಸ್ಟುಡಿಯೋದಲ್ಲಿ ಸ್ಕ್ರಿಪ್ಟ್ ನೋಡಿಕೊಳ್ಳುವ ಕೆಲಸ. ಆಮೇಲೆ ಶಾ ಬ್ರದರ್ಸ್ ಸ್ಟುಡಿಯೋದಲ್ಲಿ ನಿರ್ದೇಶಕ ಚಾಂಗ್ ಚೆಹ್ ಹತ್ತಿರ ಸಹಾಯಕ. ಮೊದಲ ಸಿನಿಮಾ ಬಿಡುಗಡೆ ಆಗಿದ್ದು 1974ರಲ್ಲಿ. ನಮಗೆಲ್ಲ ಗೊತ್ತಿರುವ 'ಎ ಬೆಟರ್ ಟುಮಾರೋ' ಬಂದಿದ್ದು 1986ರಲ್ಲಿ. ನಡುವೆ ಹನ್ನೆರಡು ವರ್ಷ! ಕುಂಗ್‌ಫು ಮಾಡಿದರು, ಕಾಮಿಡಿ ಮಾಡಿದರು. ಒಂದು ಹಂತದಲ್ಲಿ ಕಂಪನಿ ಅವರನ್ನು ತೈವಾನ್ ಶಾಖೆಗೆ ಕಳಿಸಿತು. ಅಲ್ಲಿ ಮಾಡಿದ್ದೂ ಓಡಲಿಲ್ಲ. ಆಗ ಕರೆದು ಸಿನಿಮಾ ಕೊಟ್ಟದ್ದು ತ್ಸುಯಿ ಹಾರ್ಕ್. ಗಾಡ್‌ಫಾದರ್ ಇರಲಿಲ್ಲ ಅನ್ನೋರು ಈ ಮನುಷ್ಯನನ್ನು ಎಲ್ಲಿ ಇಡ್ತಾರೆ?

ಸುಹಾಸ: ಟೋ ಕೂಡ ಮೊದಲು ಸೋತಿದ್ದರು ಅಲ್ವಾ ಅಕ್ಕ?

ವೀಣಕ್ಕ: ಹೂಂ. 1980ರಲ್ಲಿ ಮೊದಲ ಸಿನಿಮಾ ಮಾಡಿದರು. ಕೈಗೆ ಹತ್ತಲಿಲ್ಲ. ವಾಪಸ್ ಟಿವಿಗೆ ಹೋದರು. ಆರು ವರ್ಷ ಧಾರಾವಾಹಿ ಮಾಡಿಕೊಂಡಿದ್ದು 1986ರಲ್ಲಿ ಮತ್ತೆ ಸಿನಿಮಾಕ್ಕೆ ಬಂದರು. ಈ "ವಾಪಸ್ ಹೋದರು" ಅನ್ನೋದೇ ನನಗೆ ಮುಖ್ಯ. ವಾಪಸ್ ಹೋಗೋಕೆ ಒಂದು ಜಾಗ ಇತ್ತು.

ಮಧು ಅಣ್ಣ: ವೀಣಾ, ನಾನು ಇದನ್ನು ಒಪ್ಪಲ್ಲ. ಟಿವಿ ಅಂದರೆ ಶಾಲೆ ಅಂತ ಬರೀತಾ ಇದ್ದೀಯ. ನಾನು ಬೆಂಗಳೂರಲ್ಲಿ ಧಾರಾವಾಹಿ ಸೆಟ್ಟಲ್ಲಿ ವರ್ಷಗಟ್ಟಲೆ ಬೆವರು ಸುರಿಸಿದ್ದೀನಿ. ಬೆಳಿಗ್ಗೆ ಆರಕ್ಕೆ ಸೆಟ್. ಅದೇ ಹಾಲ್, ಅದೇ ಅಡುಗೆಮನೆ, ಅದೇ ಮೆಟ್ಟಿಲು. ಅತ್ತೆ ಸೊಸೆಯನ್ನು ನೋಡ್ತಾರೆ, ಸೊಸೆ ಕಣ್ಣೊರೆಸ್ಕೋತಾಳೆ, ಕ್ಲೋಸಪ್. ಅರ್ಧ ದಿನದಲ್ಲಿ ಡೈಲಾಗ್ ಬದಲಾಗಿ ಬರುತ್ತೆ, ಯಾಕೆ ಅಂತ ಕೇಳೋ ಹಾಗಿಲ್ಲ. ಕಂತು ಸ್ಟಾಕ್ ಇಲ್ಲ ಅಂದರೆ ರಾತ್ರಿ ಎರಡರವರೆಗೂ ಶೂಟಿಂಗ್. ಅಲ್ಲಿ ಶಾಟ್ ಬಗ್ಗೆ ಯೋಚನೆ ಮಾಡೋನನ್ನು ನಿಧಾನಿ ಅಂತಾರೆ. ಅಲ್ಲಿಂದ ಒಬ್ಬ ಆನ್ ಹುಯಿ ಬರಬೇಕು ಅಂದರೆ ಹೇಗೆ ಸಾಧ್ಯ?

ಪ್ರಭಾಕರ ಚಿಕ್ಕಪ್ಪ: ನೋಡಿ, ಒಳಗಿದ್ದವನೇ ಹೇಳ್ತಿದ್ದಾನೆ.

ವೀಣಕ್ಕ: ಮಧು, ನೀನು ಹೇಳಿದ ಸೆಟ್ಟಲ್ಲಿ ಇಲ್ಲದ್ದು ಎರಡು ಅಲ್ಲಿತ್ತು. ಒಂದು, ಬಿಡಿ ಕಥೆಗಳು. ಒಂದು ಕಂತಿಗೆ ಒಂದು ಪೂರ್ತಿ ಕಥೆ, ಅದೂ ಹೊರಗೆ, ಬೀದಿಯಲ್ಲಿ. ಟಿವಿಬಿ ಬಿಟ್ಟ ಮೇಲೆ ಆನ್ ಹುಯಿ ಲಂಚ ತಡೆಯುವ ಸರ್ಕಾರಿ ಸಂಸ್ಥೆಗೆ ನಾಟಕ ಸರಣಿ ಮಾಡಿದರು. ಅದರಲ್ಲಿ ಎರಡನ್ನು ಪ್ರಸಾರ ಮಾಡೋಕೇ ಬಿಡಲಿಲ್ಲ, ಅಷ್ಟು ಖಾರ ಇತ್ತು. 1978ರಲ್ಲಿ ಸರ್ಕಾರಿ ಚಾನೆಲ್ ಆರ್‌ಟಿಎಚ್‌ಕೆಗೆ ವಿಯೆಟ್ನಾಂನಿಂದ ಓಡಿ ಬಂದ ಹುಡುಗನ ಕಥೆ ಮಾಡಿದರು. ಅದೇ ಎಳೆ ಹಿಡಿದು 1981ರಲ್ಲಿ ಒಂದು ಸಿನಿಮಾ, 1982ರಲ್ಲಿ 'ಬೋಟ್ ಪೀಪಲ್'. ಟಿವಿಯಲ್ಲಿ ಸಿಕ್ಕ ವಿಷಯವನ್ನೇ ನಾಲ್ಕು ವರ್ಷ ಬಿಡದೆ ಬೆಳೆಸಿದರು.

ವೀಣಕ್ಕ: ಎರಡನೆಯದು, ಕಲಿಸೋ ಹಿರಿಯರು. ವಾಂಗ್ ಟಿನ್-ಲಾಮ್ ಅಂತ ಒಬ್ಬರು. ಹಳೇ ಸ್ಟುಡಿಯೋ ಕಾಲದ ಸಿನಿಮಾ ನಿರ್ದೇಶಕರು. ಆಮೇಲೆ ಟಿವಿಬಿಗೆ ಬಂದರು. ಅವರ ಕೈಕೆಳಗೆ ಪಳಗಿದವರು ಜಾನಿ ಟೋ, ರಿಂಗೋ ಲ್ಯಾಮ್. ಟೋ ಅವರ 2005ರ 'ಎಲೆಕ್ಷನ್' ನೋಡಿದ್ದೀಯಲ್ಲ? ಗ್ಯಾಂಗಿನ ಹಿರಿಯರೆಲ್ಲ ಸೇರಿರ್ತಾರೆ, ದಪ್ಪ ಮೈಯ ಮುದುಕ ಒಬ್ಬರು ಚಹಾ ಮಾಡಿಕೊಡುತ್ತಾ ಯಾರು ಅಧ್ಯಕ್ಷ ಆಗಬೇಕು ಅಂತ ಮಾತಾಡಿಸ್ತಾರೆ. ದನಿ ಏರಿಸೋದೇ ಇಲ್ಲ, ಆದರೆ ಎಲ್ಲರೂ ಕೇಳ್ತಾರೆ. ಅವರೇ ವಾಂಗ್ ಟಿನ್-ಲಾಮ್. ಕಲಿಸಿದ ಮೇಷ್ಟ್ರನ್ನೇ ಶಿಷ್ಯ ಆ ಕುರ್ಚಿಯಲ್ಲಿ ಕೂರಿಸಿದ್ದಾನೆ.

ಮಧು ಅಣ್ಣ: ಓಹ್! ಅದು ಅವರಾ? ಗೊತ್ತಿರಲಿಲ್ಲ. ನಮ್ಮಲ್ಲೂ ಪುಟ್ಟಣ್ಣ ಕಲಿತದ್ದು ಪಂತುಲು ಅವರ ಹತ್ತಿರ ತಾನೇ. ಆ ಥರ ಪಕ್ಕ ನಿಲ್ಲಿಸಿಕೊಂಡು ಹೇಳಿಕೊಡೋರು ನನಗೆ ಸಿಗಲಿಲ್ಲ. ಅದು ಹೊಟ್ಟೆಯಲ್ಲಿ ಇದ್ದೇ ಇದೆ.

ಜಯತ್ತೆ: ಮಧು, ಊಟ ಮಾಡಿ ಟೈಪ್ ಮಾಡಪ್ಪ. ವೀಣಾ, ನನಗೊಂದು ಕೇಳಬೇಕು. ಕ್ಯಾಂಟೊನೀಸ್ ಅಂತ ಯಾಕೆ ಒತ್ತಿ ಹೇಳ್ತಾರೆ? ಅಲ್ಲಿಯವರ ಮನೆಮಾತು ಅದೇ ಅಲ್ವಾ?

ವೀಣಕ್ಕ: ಅದೇ ಅತ್ತೆ. ಆದರೂ ಸಿನಿಮಾದಲ್ಲಿ ಅದು ಒಮ್ಮೆ ನಿಂತೇ ಹೋಗಿತ್ತು. 1960ರ ದಶಕದ ಮೊದಮೊದಲು ಕ್ಯಾಂಟೊನೀಸ್‌ನಲ್ಲಿ ವರ್ಷಕ್ಕೆ ಇನ್ನೂರರ ಹತ್ತಿರ ಸಿನಿಮಾ ಬರುತ್ತಿದ್ದವು. 1972ರಲ್ಲಿ ಒಂದೂ ಇಲ್ಲ. ದೊಡ್ಡ ಸ್ಟುಡಿಯೋಗಳು ಮ್ಯಾಂಡರಿನ್ ಅನ್ನುವ ಇನ್ನೊಂದು ಚೀನೀ ಭಾಷೆಯಲ್ಲಿ ಮಾಡಿದರೆ ತೈವಾನ್, ಸಿಂಗಪುರ ಎಲ್ಲ ಕಡೆ ಓಡುತ್ತೆ ಅಂತ ಅದಕ್ಕೇ ಹೊರಳಿದ್ದವು. ಹಾಂಗ್‌ಕಾಂಗ್ ಜನ ಮನೆಯಲ್ಲಿ ಒಂದು ಮಾತಾಡಿ, ಥಿಯೇಟರ್‌ನಲ್ಲಿ ಇನ್ನೊಂದು ಕೇಳುತ್ತಿದ್ದರು. ಆಗ ಅವರ ಮಾತು ಉಳಿದಿದ್ದು ಟಿವಿಯಲ್ಲಿ. 1973ರಲ್ಲಿ ಚೋರ್ ಯುಯೆನ್ ಅನ್ನುವ ನಿರ್ದೇಶಕರು ಒಂದು ವಠಾರದ ಕಥೆ ತೆಗೆದುಕೊಂಡು, ಟಿವಿಬಿ ಕಲಾವಿದರನ್ನು ಹಾಕಿಕೊಂಡು, ಕ್ಯಾಂಟೊನೀಸ್‌ನಲ್ಲೇ ಮಾಡಿದರು. 'ದಿ ಹೌಸ್ ಆಫ್ 72 ಟೆನೆಂಟ್ಸ್'. ಬ್ರೂಸ್ ಲೀಯ 'ಎಂಟರ್ ದಿ ಡ್ರ್ಯಾಗನ್'ಗಿಂತ ಅಲ್ಲಿ ಜಾಸ್ತಿ ದುಡ್ಡು ಮಾಡಿತು. ಅಲ್ಲಿಂದ ಮತ್ತೆ ಶುರು. ಹಾಗಾಗಿ ಇವರಿಗೆ ಕೆಲಸ ಕಲಿಸಿದ್ದೂ ಟಿವಿ, ಭಾಷೆ ಕಾಯ್ದಿದ್ದೂ ಟಿವಿ.

ಜಯತ್ತೆ: ವಠಾರದ ಕಥೆ ಅಂದರೆ ನಾನು ನೋಡಲೇಬೇಕು. ಲಿಂಕ್ ಹಾಕು.

ಸುಹಾಸ: ಅಕ್ಕ, ಆದರೆ ಫ್ರೂಟ್ ಚಾನ್? ಅವರು ಯಾವ ಚಾನೆಲ್, ಯಾವ ಸಂಬಳ ನಂಬಿಕೊಂಡು ಮಾಡಿದರು? 1997ರ 'ಮೇಡ್ ಇನ್ ಹಾಂಗ್‌ಕಾಂಗ್' ಬೇರೆಯವರ ಶೂಟಿಂಗ್‌ನಲ್ಲಿ ಉಳಿದ ಫಿಲ್ಮ್ ತುಂಡು ಸೇರಿಸಿ ಮಾಡಿದ್ದು. ಬಜೆಟ್ 5 ಲಕ್ಷ ಹಾಂಗ್‌ಕಾಂಗ್ ಡಾಲರ್ ಅಷ್ಟೇ. ಹೀರೋ ಸ್ಕೇಟ್‌ಬೋರ್ಡ್ ಆಡುತ್ತಿದ್ದ ಹುಡುಗ, ಮೊದಲು ನಟನೆ ಮಾಡಿದವನೇ ಅಲ್ಲ. ಮುಂದಿನ ವರ್ಷ ಹಾಂಗ್‌ಕಾಂಗ್ ಫಿಲ್ಮ್ ಅವಾರ್ಡ್ಸ್‌ನಲ್ಲಿ ಬೆಸ್ಟ್ ಫಿಲ್ಮ್, ಬೆಸ್ಟ್ ಡೈರೆಕ್ಟರ್ ಎರಡೂ ಬಂತು. ನಾನು ಇವತ್ತು ಫೋನಲ್ಲೇ ಮಾಡಬಹುದು. ಯಾರಾದರೂ ಕೊಡಲಿ ಅಂತ ಕಾಯಬೇಕಾಗಿಲ್ಲ.

ಪ್ರಭಾಕರ ಚಿಕ್ಕಪ್ಪ: ಇದು ಸರಿ. ಛಲ ಅಂದರೆ ಇದೇ. ಫಾರ್ವರ್ಡ್ ಮಾಡಿದವರೂ ಇದನ್ನೇ ಹೇಳಿದ್ದು.

ವೀಣಕ್ಕ: ಸುಹಾಸ, ಉಳಿದ ಫಿಲ್ಮ್ ಎಲ್ಲಿ ಉಳಿಯುತ್ತೆ, ಯಾರ ಹತ್ತಿರ ಕೇಳಬೇಕು ಅಂತ ಅವರಿಗೆ ಹೇಗೆ ಗೊತ್ತಾಯ್ತು? ಅದಕ್ಕೂ ಮೊದಲು ಹತ್ತು ವರ್ಷಕ್ಕೂ ಜಾಸ್ತಿ ಬೇರೆಯವರ ಸೆಟ್ಟಲ್ಲಿ ಸಹಾಯಕ ನಿರ್ದೇಶಕರಾಗಿದ್ದವರು ಅವರು. ಕೈ ಪಳಗಿತ್ತು, ಪರಿಚಯ ಇತ್ತು. ಬೆನ್ನಿಗೆ ನಿಂತ ನಿರ್ಮಾಪಕ ಯಾರು ಗೊತ್ತಾ? ಸ್ಟಾರ್ ಆಂಡಿ ಲೌ.

ವೀಣಕ್ಕ: ಆಂಡಿ ಲೌ ಬಗ್ಗೆ ಸ್ವಲ್ಪ ಬರೀತೀನಿ, ಬೇಜಾರು ಮಾಡ್ಕೋಬೇಡಿ. ಅವರೂ ಟಿವಿಬಿ ನಟನಾ ತರಗತಿಯಲ್ಲಿ ಕಲಿತವರು. 'ಬೋಟ್ ಪೀಪಲ್' ಶೂಟಿಂಗ್ ಚೀನಾದ ಹೈನಾನ್ ದ್ವೀಪದಲ್ಲಿ. ಅಲ್ಲಿ ಹೋಗಿ ನಟಿಸಿದವರ ಸಿನಿಮಾಗಳನ್ನು ತೈವಾನ್ ಬಿಡುತ್ತಿರಲಿಲ್ಲ. ಅದಕ್ಕೆ ನಟ ಚೌ ಯುನ್-ಫ್ಯಾಟ್ ಹಿಂದೆ ಸರಿದರು, ಅವಕಾಶ ಈ ಹುಡುಗನಿಗೆ ಬಂತು. ಆನ್ ಹುಯಿ ಆ ಹೊಸಬನಿಗೆ ದೊಡ್ಡ ಪಾತ್ರ ಕೊಟ್ಟರು. 29 ವರ್ಷ ಆದಮೇಲೆ, 2011ರಲ್ಲಿ ಆನ್ ಹುಯಿ 'ಎ ಸಿಂಪಲ್ ಲೈಫ್' ಮಾಡುವಾಗ ದುಡ್ಡು ಹಾಕಿದವರಲ್ಲಿ ಅವರೂ ಒಬ್ಬರು, ನಟಿಸಿದವರೂ ಅವರೇ. ಒಂದೇ ಮನೆಯಲ್ಲಿ 60 ವರ್ಷ ದುಡಿದ ಕೆಲಸದಾಕೆ ಪಾರ್ಶ್ವವಾಯು ಬಡಿದು ವೃದ್ಧಾಶ್ರಮ ಸೇರುತ್ತಾಳೆ. ರೂಮು ಅಂದರೆ ಅರ್ಧಕ್ಕೆ ನಿಂತ ಹಲಗೆ ಗೋಡೆ, ಪಕ್ಕದವರ ಕೆಮ್ಮು ಕೇಳುತ್ತೆ. ಅವಳು ಸಾಕಿ ಬೆಳೆಸಿದ ಮನೆಯ ಮಗ ಬಂದು ನೋಡಿಕೊಳ್ಳುತ್ತಾನೆ. ಇಷ್ಟೇ ಕಥೆ. ನಾನು ಹಾಂಗ್‌ಕಾಂಗ್‌ನ ಯೌ ಮಾ ತೇಯ್‌ನಲ್ಲಿರುವ ಬ್ರಾಡ್‌ವೇ ಸಿನಿಮಾಟೆಕ್ ಥಿಯೇಟರ್‌ನಲ್ಲಿ ನೋಡಿದೆ, ಅಕ್ಕಪಕ್ಕ ಎಲ್ಲರೂ ಅಳುತ್ತಿದ್ದರು. ಆ ಪಾತ್ರಕ್ಕೆ ಡೀನಿ ಇಪ್‌ಗೆ ವೆನಿಸ್‌ನಲ್ಲಿ ಶ್ರೇಷ್ಠ ನಟಿ ಪ್ರಶಸ್ತಿ ಬಂತು.

ಜಯತ್ತೆ: ಇಷ್ಟು ಹೊತ್ತಿನಿಂದ ಓದುತ್ತಿದ್ದೇನೆ. ಹೆಂಗಸು ಅಂತ ಬಂದಿದ್ದು ಆನ್ ಹುಯಿ ಒಬ್ಬರೇ. ಸಂಬಳ, ಮೇಷ್ಟ್ರು, ವಾಪಸ್ ಹೋಗೋ ಜಾಗ, ಇವೆಲ್ಲ ಹೆಣ್ಣುಮಕ್ಕಳಿಗೂ ಇತ್ತಾ?

ವೀಣಕ್ಕ: ಗಂಡಸರಿಗೆ ಸಿಕ್ಕಷ್ಟು ಇರಲಿಲ್ಲ ಅತ್ತೆ. ಆನ್ ಹುಯಿಗೆ ಹಾಂಗ್‌ಕಾಂಗ್ ಫಿಲ್ಮ್ ಅವಾರ್ಡ್ಸ್‌ನಲ್ಲಿ ಆರು ಸಲ ಶ್ರೇಷ್ಠ ನಿರ್ದೇಶಕಿ ಪ್ರಶಸ್ತಿ ಬಂದಿದೆ, ಬೇರೆ ಯಾರಿಗೂ ಅಷ್ಟು ಬಂದಿಲ್ಲ. ಆದರೂ ಸಿನಿಮಾ ಸಿನಿಮಾಕ್ಕೂ ದುಡ್ಡು ಹುಡುಕಿದ್ದಾರೆ. ಅವರಿಗೂ ಮುಂಚೆ ಎಸ್ತರ್ ಎಂಗ್ ಅಂತ ಇದ್ದರು. 1914ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದವರು. 1930ರ ದಶಕದಲ್ಲೇ ಹಾಂಗ್‌ಕಾಂಗ್‌ಗೆ ಬಂದು ಕ್ಯಾಂಟೊನೀಸ್ ಸಿನಿಮಾ ನಿರ್ದೇಶಿಸಿದರು. ಒಂದರಲ್ಲಂತೂ ಪಾತ್ರವರ್ಗ ಪೂರ್ತಿ ಹೆಂಗಸರೇ. ಕೊನೆಗೆ ನ್ಯೂಯಾರ್ಕ್‌ನಲ್ಲಿ ಹೋಟೆಲ್ ನಡೆಸಿದರು. ತೀರಿಕೊಂಡು ಎಷ್ಟೋ ವರ್ಷದ ಮೇಲೆ ಅವರ ಫೋಟೋ ಆಲ್ಬಮ್‌ಗಳು ಕಸದ ತೊಟ್ಟಿಯಲ್ಲಿ ಸಿಕ್ಕವು. ಅವುಗಳಿಂದಲೇ ಒಂದು ಸಾಕ್ಷ್ಯಚಿತ್ರ ಹುಟ್ಟಿತು.

ಜಯತ್ತೆ: ಕಸದ ತೊಟ್ಟಿಯಲ್ಲಾ? ಪಾಪ. ಓದಿ ಸಂಕಟ ಆಯ್ತು. ಪ್ರಭಾಕರ, ನಿನ್ನ ಫಾರ್ವರ್ಡ್‌ನಲ್ಲಿ ಇವರ ಹೆಸರೇ ಇಲ್ಲವಲ್ಲ. ಛಲ ಇವರಿಗೆ ಕಮ್ಮಿ ಇತ್ತಾ?

ಪ್ರಭಾಕರ ಚಿಕ್ಕಪ್ಪ: ಜಯಕ್ಕ, ನಾನೇನು ಬರೆದದ್ದಲ್ಲ ಅದು. ಆದರೆ ಒಂದು ಕೇಳ್ತೀನಿ. ವೀಣಾ ಹೇಳೋ ಆ ವ್ಯವಸ್ಥೆ ಈಗ ಇದೆಯಾ? ಇಲ್ಲ ಅಂದರೆ ಹುಡುಗನಿಗೆ ಯಾವ ಧೈರ್ಯದ ಮೇಲೆ ಹೋಗು ಅನ್ನೋದು?

ವೀಣಕ್ಕ: ಸರಿಯಾದ ಪ್ರಶ್ನೆ ಚಿಕ್ಕಪ್ಪ. ಹಳೆಯದು ಕುಸಿದು ಬಿತ್ತು. 1990ರ ದಶಕದ ಮೊದಲಲ್ಲಿ ವರ್ಷಕ್ಕೆ 200ಕ್ಕೂ ಹೆಚ್ಚು ಸಿನಿಮಾ ಬರುತ್ತಿದ್ದ ಊರಲ್ಲಿ 2000ದ ದಶಕದ ಮಧ್ಯಕ್ಕೆ ಅರವತ್ತೂ ಇಲ್ಲ. 2003ರಲ್ಲಿ ಚೀನಾ ಜೊತೆ ಒಪ್ಪಂದ ಆದಮೇಲೆ ಜಂಟಿ ನಿರ್ಮಾಣಕ್ಕೆ ಬಾಗಿಲು ತೆರೆಯಿತು. ದೊಡ್ಡ ಬಜೆಟ್, ದೊಡ್ಡ ಮಾರುಕಟ್ಟೆ, ಆದರೆ ಮ್ಯಾಂಡರಿನ್, ಅಲ್ಲಿನ ಸೆನ್ಸಾರ್. ಪೀಟರ್ ಚಾನ್ ಥರದವರು ಆ ಕಡೆ ಹೋದರು. ಅವರನ್ನು ಬೈಯೋಕೆ ನನಗೆ ಮನಸ್ಸಿಲ್ಲ, ಕೆಲಸ ಇದ್ದದ್ದು ಅಲ್ಲೇ. ಪ್ಯಾಟ್ರಿಕ್ ಟ್ಯಾಮ್ ಮಲೇಷ್ಯಾಕ್ಕೆ ಪಾಠ ಹೇಳೋಕೆ ಹೋದರು. 1989 ಆದಮೇಲೆ ಅವರ ಮುಂದಿನ ಸಿನಿಮಾ 2006ರಲ್ಲಿ! ವಾಂಗ್ ಕಾರ್-ವಾಯ್ ಗುರು ಅಂತ ಕರೆಯೋ ಮನುಷ್ಯನಿಗೆ 17 ವರ್ಷದ ಅಂತರ.

ವೀಣಕ್ಕ: ಆದರೆ ಉಳಿದವರು ಸುಮ್ನೆ ಕೂರಲಿಲ್ಲ. 2005ರಲ್ಲಿ ಫ್ರೆಶ್ ವೇವ್ ಅಂತ ಕಿರುಚಿತ್ರ ಸ್ಪರ್ಧೆ ಶುರುವಾಯ್ತು, ಟೋ ಅದರ ಬೆನ್ನೆಲುಬು. ಅಲ್ಲಿಂದ ಬಂದ ಮೂವರು ಹೊಸಬರಿಂದ 2016ರಲ್ಲಿ 'ಟ್ರಿವೀಸಾ' ಮಾಡಿಸಿದರು. ಬೆಸ್ಟ್ ಫಿಲ್ಮ್ ಆಯ್ತು. ಹಾಂಗ್‌ಕಾಂಗ್ ಸರ್ಕಾರ 2013ರಿಂದ ಮೊದಲ ಸಿನಿಮಾ ಮಾಡುವವರಿಗೆ ದುಡ್ಡು ಕೊಡ್ತಿದೆ. ವಾಂಗ್ ಚುನ್ ಅನ್ನುವ ಹುಡುಗ ಆ 20 ಲಕ್ಷ ಹಾಂಗ್‌ಕಾಂಗ್ ಡಾಲರ್‌ನಲ್ಲಿ 'ಮ್ಯಾಡ್ ವರ್ಲ್ಡ್' ಮಾಡಿದ. ಹಿರಿಯ ನಟ ಎರಿಕ್ ತ್ಸಾಂಗ್ ಸಂಭಾವನೆ ತೆಗೆದುಕೊಳ್ಳದೆ ಅಪ್ಪನ ಪಾತ್ರ ಮಾಡಿದರು. ಮೇಲೆ ಹೋದವರು ಕೆಳಗಿನವರಿಗೆ ಕೈ ಕೊಟ್ಟಿದ್ದು ಇದು. ಫಾರ್ವರ್ಡ್ ಬರೆದವರಿಗೆ ಇದು ಕಾಣಲಿಲ್ಲ ಅನ್ನೋದೇ ನನ್ನ ಸಿಟ್ಟು. ಒಬ್ಬನೇ ಗೆದ್ದ ಅಂತ ಹೇಳಿಬಿಟ್ಟರೆ, ಯಾರೂ ಯಾರಿಗೂ ಏನೂ ಮಾಡಬೇಕಾಗಿಲ್ಲ ಅಂತ ಆಗುತ್ತೆ.

ಪ್ರಭಾಕರ ಚಿಕ್ಕಪ್ಪ: ಸಿಟ್ಟು ಬೇಡಮ್ಮ. ಹಾಗಾದರೆ ನಮ್ಮ ಹುಡುಗ ಸೋತರೆ ಸಂಬಳ ಯಾರು ಕೊಡ್ತಾರೆ, ಅದನ್ನು ಹೇಳಿ.

ಮಧು ಅಣ್ಣ: ನನಗೆ ಗೊತ್ತಿರೋ ಒಬ್ಬ ನಿರ್ದೇಶಕರ ಹೊಸ ಸಿನಿಮಾಕ್ಕೆ ಕಂಟಿನ್ಯೂಟಿ (ಶಾಟ್‌ನಿಂದ ಶಾಟ್‌ಗೆ ಬಟ್ಟೆ, ಸಾಮಾನು ಹೊಂದುತ್ತಾ ಅಂತ ಗುರುತು ಹಾಕೋದು) ಬರೆಯೋಕೆ ಹುಡುಗ ಬೇಕು. ನಿಧಾನವಾಗಿ, ಯೋಚನೆ ಮಾಡಿ ಶಾಟ್ ಇಡೋ ಮನುಷ್ಯ. ಕೇಳಿದರೆ ಹೇಳಿಕೊಡ್ತಾರೆ. ದುಡ್ಡು ಕಮ್ಮಿ, ಆದರೆ ತಿಂಗಳಿಗೆ ತಪ್ಪದೇ ಕೊಡ್ತಾರೆ. ನಾನು ಮಾತಾಡ್ತೀನಿ.

ಜಯತ್ತೆ: ಊಟ, ವಸತಿ ನಮ್ಮನೇಲಿ. ಮೇಲಿನ ರೂಮು ಖಾಲಿ ಇದೆ.

ಸುಹಾಸ: ಅತ್ತೆ 🙏 ಮಧು ಅಣ್ಣ, ನಿಜವಾಗ್ಲೂ?

ಪ್ರಭಾಕರ ಚಿಕ್ಕಪ್ಪ: ಒಂದು ವರ್ಷ ನೋಡೋಣ. ಆಗಲಿಲ್ಲ ಅಂದರೆ ಕೆಲಸಕ್ಕೆ ಸೇರಬೇಕು.

ವೀಣಕ್ಕ: ಚಿಕ್ಕಪ್ಪ, ಟೋಗೆ ಆರು, ಜಾನ್ ವೂಗೆ ಹನ್ನೆರಡು ಬೇಕಾಯ್ತು. ಒಂದು ಅಂತ ಗಡುವು ಹಾಕಬೇಡಿ. ಮೂರು ಅನ್ನಿ.

ಪ್ರಭಾಕರ ಚಿಕ್ಕಪ್ಪ: ಎರಡು. ಅದೂ ಡಿಗ್ರಿ ಕೈಗೆ ಬಂದ ದಿನದಿಂದ ಲೆಕ್ಕ.