ಮನೆ ಅಡ್ರೆಸ್ ಯಾರ್ಯಾರ ಕೈ ಸೇರಿದೆಯೋ, ತೆಗೆಸೋಕೆ ದಾರಿ ಇದೆಯಾ?

ಮೈಸೂರಣ್ಣ:

ನಮಸ್ಕಾರ. ಸ್ವಲ್ಪ ಉದ್ದ ಇದೆ, ಓದಿ ಸಲಹೆ ಕೊಡಿ. ನನ್ನ ತಂಗಿ ಗಂಡನ ಕಾಟ ತಡೆಯಲಾರದೆ ಮಂಡ್ಯ ಬಿಟ್ಟು ಬಂದಿದ್ದಾಳೆ. ಈಗ ಮೈಸೂರಿನಲ್ಲಿ ಮಗಳ ಜೊತೆ ಬಾಡಿಗೆ ಮನೆಯಲ್ಲಿದ್ದಾಳೆ, ಯಾವ ಬಡಾವಣೆ ಅಂತ ಇಲ್ಲಿ ಬರೆಯಲ್ಲ. ನಂಬರ್ ಬದಲಾಯಿಸಿದ್ದಾಳೆ, ಫೇಸ್‌ಬುಕ್ ಮುಚ್ಚಿದ್ದಾಳೆ. ನಮ್ಮ ಮನೆಯವರನ್ನು ಬಿಟ್ಟರೆ ಯಾರಿಗೂ ವಿಳಾಸ ಕೊಟ್ಟಿಲ್ಲ.

ಹೀಗಿರುವಾಗ ಮೊನ್ನೆ ಆ ಹೊಸ ನಂಬರಿಗೇ ಒಬ್ಬ ಫೋನ್ ಮಾಡಿ, "ಮೇಡಂ, ವಾಟರ್ ಫಿಲ್ಟರ್ ಡೆಮೊ ಇದೆ, ನಿಮ್ಮದು ಪಾರ್ಕ್ ಎದುರಿನ ಮನೆ, ಸೆಕೆಂಡ್ ಫ್ಲೋರ್ ಅಲ್ವಾ, ಹೊಸದಾಗಿ ಬಂದಿದ್ದೀರಂತೆ" ಅಂದಿದ್ದಾನೆ. ಇವಳು ಫೋನ್ ಇಟ್ಟು ಬಾಗಿಲಿಗೆ ಚಿಲಕ ಹಾಕಿಕೊಂಡು ಕೂತಳು. ಅವನು ಬರೀ ಸೇಲ್ಸ್‌ನವನೇ ಇರಬಹುದು. ಆದರೆ ಫಿಲ್ಟರ್ ಮಾರುವವನಿಗೆ ಸಿಕ್ಕಿದ್ದು ಅವಳ ಗಂಡನಿಗೆ ಸಿಗಲ್ಲ ಅಂತ ಏನು ಗ್ಯಾರಂಟಿ? ಅಮೆರಿಕದಲ್ಲಿ ಜನರ ಮಾಹಿತಿ ಕಲೆಹಾಕಿ ಮಾರುವ ಡೇಟಾ ಬ್ರೋಕರ್‌ಗಳಿಗೆ ಹೇಳಿ ಅಡ್ರೆಸ್ ಅಳಿಸಬಹುದು ಅಂತ ಕೇಳಿದ್ದೇನೆ. ನಮ್ಮಲ್ಲಿ ಆ ಥರ ಏನಾದರೂ ಇದೆಯಾ?

ಸರ್ವರ್ ಸೀನ:

ಅಲ್ಲಿ ಇದೆ, ಆದರೆ ಸುಮ್ನೆ ಬಂದಿದ್ದಲ್ಲ. 1989ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ರೆಬೆಕಾ ಶೇಫರ್ ಅನ್ನುವ ನಟಿಯನ್ನು ಅವರ ಮನೆ ಬಾಗಿಲಲ್ಲೇ ಗುಂಡಿಕ್ಕಿ ಕೊಂದರು. ಕೊಂದವನು ಒಬ್ಬ ಹುಚ್ಚು ಅಭಿಮಾನಿ. ಖಾಸಗಿ ಪತ್ತೇದಾರನಿಗೆ ದುಡ್ಡು ಕೊಟ್ಟು, ವಾಹನ ನೋಂದಣಿ ಇಲಾಖೆಯ ದಾಖಲೆಯಿಂದ ಅಡ್ರೆಸ್ ತೆಗೆಸಿದ್ದ. ಆ ದಾಖಲೆ ಹಾಗೆ ಸಿಗಬಾರದು ಅಂತ ದೇಶಕ್ಕೆಲ್ಲ ಕಾನೂನು ಬಂದಿದ್ದು 1994ರಲ್ಲಿ. 2020ರ ಜುಲೈನಲ್ಲಿ ನ್ಯೂಜೆರ್ಸಿಯಲ್ಲಿ ಎಸ್ತರ್ ಸಲಾಸ್ ಅನ್ನುವ ಜಡ್ಜ್ ಮನೆಗೆ ಒಬ್ಬ ವಕೀಲ ಡೆಲಿವರಿಯವನ ವೇಷದಲ್ಲಿ ಹೋಗಿ, ಅವರ 20 ವರ್ಷದ ಮಗ ಡೇನಿಯಲ್‌ನನ್ನು ಕೊಂದ. ಅದೇ ವರ್ಷ ಆ ಹುಡುಗನ ಹೆಸರಲ್ಲೇ ಅಲ್ಲಿ ಕಾನೂನು ಆಯಿತು, ಜಡ್ಜ್ ಮತ್ತು ಪೊಲೀಸರ ಮನೆ ಅಡ್ರೆಸ್ ಹಾಕಬೇಡಿ ಅಂತ. ಕ್ಯಾಲಿಫೋರ್ನಿಯಾದಲ್ಲಿ 2023ರ ಡಿಲೀಟ್ ಆಕ್ಟ್ ಪ್ರಕಾರ ನೋಂದಾಯಿತ ಬ್ರೋಕರ್‌ಗಳಿಗೆಲ್ಲ ಒಂದೇ ಅರ್ಜಿ ಹಾಕಿ ಅಳಿಸಿ ಅನ್ನಬಹುದು. ಅದು ಅಲ್ಲಿನ ನಿವಾಸಿಗಳಿಗೆ ಮಾತ್ರ, ನಮಗಲ್ಲ.

ನಮ್ಮಲ್ಲಿ ಡೇಟಾ ಓಡಾಡುವುದು ಎಕ್ಸೆಲ್ ಶೀಟಲ್ಲಿ. ಸರ್ಕಾರವೇ ಮಾರಿದ್ದೂ ಉಂಟು. ವಾಹನ ಮತ್ತು ಲೈಸೆನ್ಸ್ ಮಾಹಿತಿಯನ್ನು 87 ಖಾಸಗಿ ಕಂಪನಿಗಳಿಗೆ ಕೊಟ್ಟು 65 ಕೋಟಿ ಬಂತು ಅಂತ 2019ರಲ್ಲಿ ಸಂಸತ್ತಿನಲ್ಲೇ ಹೇಳಿದರು, ಮರುವರ್ಷ ಆ ನೀತಿ ಕೈಬಿಟ್ಟರು. ಕೊಟ್ಟಿದ್ದನ್ನು ವಾಪಸ್ ತರೋಕೆ ಆಗುತ್ತಾ?

2023ರ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ ಅಳಿಸಿ ಅಂತ ಕೇಳುವ ಹಕ್ಕೇನೋ ಇದೆ, ದಂಡ 250 ಕೋಟಿವರೆಗೆ. ಆದರೆ ನಿಯಮ ಬಂದಿದ್ದೇ 2025ರ ನವೆಂಬರ್‌ನಲ್ಲಿ, ಕಂಪನಿಗಳ ಮುಖ್ಯ ಹೊಣೆಗಳಿಗೆ ಅಲ್ಲಿಂದ 18 ತಿಂಗಳ ಗಡುವು. ಜೊತೆಗೆ ಎಲ್ಲರಿಗೂ ಕಾಣೋ ಹಾಗೆ ಪ್ರಕಟಿಸು ಅಂತ ಕಾನೂನೇ ಹೇಳುವ ಮಾಹಿತಿಗೆ ಅದು ಅನ್ವಯಿಸಲ್ಲ. ಮತದಾರರ ಪಟ್ಟಿ ನೋಡಿ, ಹೆಸರು, ತಂದೆ ಅಥವಾ ಗಂಡನ ಹೆಸರು, ವಯಸ್ಸು, ಮನೆ ನಂಬರ್ ಎಲ್ಲ ಇದೆ, ಪಿಡಿಎಫ್ ಇಳಿಸಿಕೊಂಡರೆ ಆಯಿತು. ತಂಗಿ ವೋಟನ್ನು ಮೈಸೂರಿಗೆ ಬದಲಾಯಿಸೋಕೆ ಫಾರಂ 8 ತುಂಬುವ ಮುಂಚೆ ಇದು ಗೊತ್ತಿರಲಿ.

ಕಬ್ಬಿನಗದ್ದೆ:

ಇಷ್ಟೆಲ್ಲ ಅಮೆರಿಕದ ಕಥೆ ಯಾಕೆ ಗುರು? ನಮ್ಮ ಮಂಡ್ಯ ಕಡೆ ಬಸ್ ಇಳಿದು ಇಂಥವರ ಮನೆ ಎಲ್ಲಿ ಅಂದರೆ ಗೇಟಿನವರೆಗೂ ಕರ್ಕೊಂಡು ಹೋಗಿ, ಕಾಫಿ ಕುಡಿದೇ ವಾಪಸ್ ಬರುತ್ತಾರೆ. ಸರ್ವೆ ನಂಬರ್ ಹಾಕಿದರೆ ಪಹಣಿಯಲ್ಲಿ ಯಾರ ಜಮೀನು ಎಷ್ಟು ಗುಂಟೆ ಅಂತ ಮೊಬೈಲಲ್ಲೇ ಕಾಣುತ್ತೆ. ಅಡ್ರೆಸ್ ಗುಟ್ಟು ಅನ್ನೋದೇ ನಮಗೆ ಹೊಸದು.

ಆ ಗಂಡ ಎಕ್ಸೆಲ್ ಶೀಟ್ ಕೊಂಡುಕೊಳ್ಳುತ್ತಾನಾ? ಅವನು ಕೇಳೋದು ಚಿಕ್ಕಮ್ಮನ್ನ, ಸೋದರಮಾವನ್ನ. "ಪಾಪು ನೋಡಬೇಕು ಅನ್ನಿಸ್ತಿದೆ ಅತ್ತೆ" ಅಂತ ಕಣ್ಣಲ್ಲಿ ನೀರು ಹಾಕಿದರೆ ಯಾರಾದರೂ ಒಬ್ಬರು ಬಾಯಿ ಬಿಡುತ್ತಾರೆ. ಮೊದಲು ಆ ಕಡೆ ಬಿಗಿ ಮಾಡಿ.

ಸರ್ವರ್ ಸೀನ:

@ಕಬ್ಬಿನಗದ್ದೆ ನೆಂಟರ ವಿಷಯ ಒಪ್ಪಿದೆ. ಆದರೆ ಊರಲ್ಲಿ ಅಡ್ರೆಸ್ ಕೇಳಿದವನನ್ನು ಊರೂ ನೋಡಿರುತ್ತೆ, "ನೀನ್ಯಾರಪ್ಪ, ಯಾರ ಕಡೆಯವನು" ಅಂತ ಕೇಳಿರುತ್ತೆ. ಪಿಡಿಎಫ್ ಹಾಗೆ ಕೇಳಲ್ಲ.

ಜೆರಾಕ್ಸ್ ಮಹದೇವ:

ನಾನು ಅಗ್ರಹಾರದ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟಿದ್ದೇನೆ, ಹಾಗಾಗಿ ಹೇಳ್ತೀನಿ. ಜನ ಆಧಾರ್, ಬಾಡಿಗೆ ಕರಾರು, ಬ್ಯಾಂಕ್ ಪಾಸ್‌ಬುಕ್ ಎಲ್ಲ ಅಂಗಡಿಯ ವಾಟ್ಸಾಪಿಗೆ ಕಳಿಸಿ ಪ್ರಿಂಟ್ ತಗೊಂಡು ಹೋಗ್ತಾರೆ. ಡಿಲೀಟ್ ಮಾಡಿ ಅಂತ ಹೇಳುವವರು ಅಪರೂಪ. ನಾನು ಸಾಯಂಕಾಲ ಎಲ್ಲ ಅಳಿಸ್ತೀನಿ, ಆದರೆ ಎಲ್ಲ ಅಂಗಡಿಯಲ್ಲೂ ಅಳಿಸ್ತಾರೆ ಅಂತ ನಂಬಬೇಡಿ. ಸರಿಯಾಗಿ ಬರದ ಕಾಪಿ ರದ್ದಿಗೆ ಹೋಗುತ್ತೆ, ರದ್ದಿ ಎಲ್ಲಿಗೆ ಹೋಗುತ್ತೆ? ಒಂದು ಸಲ ಕಡಲೆಕಾಯಿ ಕಟ್ಟಿಕೊಟ್ಟ ಪೊಟ್ಟಣ ಬಿಚ್ಚಿದರೆ ಯಾರದೋ ಆಧಾರ್ ಕಾಪಿ, ಫೋಟೊದಲ್ಲಿದ್ದ ಅಜ್ಜಿ ನನ್ನನ್ನೇ ನೋಡ್ತಿದ್ದರು, ಕೆಳಗೆ ಮನೆ ನಂಬರ್, ಕ್ರಾಸ್, ಪಿನ್‌ಕೋಡ್ ಸಮೇತ.

ಮಾಸ್ಕ್ಡ್ ಆಧಾರ್ ಕೊಟ್ಟರೆ ಸಾಕು ಅಂತ ತುಂಬ ಜನ ಅಂದುಕೊಂಡಿದ್ದಾರೆ. ಅದರಲ್ಲಿ ಮುಚ್ಚುವುದು ನಂಬರಿನ ಮೊದಲ 8 ಅಂಕಿ ಮಾತ್ರ, ಅಡ್ರೆಸ್ ಹಾಗೇ ಇರುತ್ತೆ. ಬರೀ ಗುರುತು ಸಾಕು ಅನ್ನುವ ಕಡೆ ಅಡ್ರೆಸ್ ಇರುವ ಹಿಂಬದಿ ಕಾಪಿ ಯಾಕೆ ಕೊಡಬೇಕು? ಕೊಡಲೇಬೇಕಾದರೆ ಯಾರಿಗೆ, ಯಾವುದಕ್ಕೆ, ಯಾವ ತಾರೀಖು ಅಂತ ಅಡ್ಡಕ್ಕೆ ಬರೆದು ಸೈನ್ ಹಾಕಿ.

ಇನ್ನು ದಸರಾ ವಸ್ತುಪ್ರದರ್ಶನದಲ್ಲಿ ಅಲ್ಲಲ್ಲಿ ಲಕ್ಕಿ ಡ್ರಾ ಡಬ್ಬ ಇಟ್ಟಿರುತ್ತಾರಲ್ಲ, ಹೆಸರು, ಫೋನ್, ವಿಳಾಸ, ಸ್ವಂತ ಮನೆಯಾ ಬಾಡಿಗೆಯಾ ಅಂತ ಎಲ್ಲ ಕೇಳುವ ಚೀಟಿ. ನಿಮ್ಮ ಫಿಲ್ಟರಿನವನು ಅಂಥ ಕಡೆಯಿಂದಲೇ ಬಂದಿರಬೇಕು. ಇಲ್ಲಾಂದ್ರೆ ಮನೆ ತೋರಿಸಿದ ಬ್ರೋಕರ್. ಡೇಟಾ ಬ್ರೋಕರ್ ಅಲ್ಲ, ನಮ್ಮ ಮನೆ ಬ್ರೋಕರ್! ಹೊಸದಾಗಿ ಬಂದಿದ್ದೀರಂತೆ ಅಂದನಲ್ಲ, ಅದಕ್ಕೇ ಅನುಮಾನ.

ಕರಿಕೋಟು:

ವಕೀಲಿಕೆ ಮಾಡುತ್ತೇನೆ, ಚುಟುಕಾಗಿ ಹೇಳುತ್ತೇನೆ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟಿನ 9 ಜಡ್ಜ್‌ಗಳ ಪೀಠ ಹೇಳಿದೆ. ಕೇಸ್ ಹಾಕಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರೇ. ಆದರೆ ಆ ತೀರ್ಪು ಹಿಡಿದುಕೊಂಡು ಫಿಲ್ಟರ್ ಮಾರುವವನ ಹಿಂದೆ ಹೋಗೋಕಾಗಲ್ಲ. ತಂಗಿಗೆ ಕೆಲಸಕ್ಕೆ ಬರುವುದು 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ. ಗಂಡನ ಊರು ಮಂಡ್ಯ ಆದರೂ, ಅವರು ಈಗ ಇರುವ ಮೈಸೂರಲ್ಲೇ ಅರ್ಜಿ ಹಾಕಬಹುದು. ಅವನು ಫೋನ್ ಮಾಡಬಾರದು, ಕೆಲಸದ ಜಾಗಕ್ಕೆ, ಮಗುವಿನ ಸ್ಕೂಲಿಗೆ ಹೋಗಬಾರದು ಅಂತ ಮ್ಯಾಜಿಸ್ಟ್ರೇಟ್ ಆದೇಶ ಕೊಡಬಹುದು.

ಒಂದು ಎಚ್ಚರಿಕೆ. ಅರ್ಜಿಯ ಪ್ರತಿ ಗಂಡನ ಕೈಗೂ ಹೋಗುತ್ತೆ. ಅದರಲ್ಲಿ ಹೊಸ ಮನೆ ಅಡ್ರೆಸ್ ಟೈಪ್ ಮಾಡಿಸಿಬಿಟ್ಟರೆ ನಾವೇ ತಲುಪಿಸಿದ ಹಾಗಾಗುತ್ತೆ. ಯಾವ ವಿಳಾಸ ಹಾಕಬೇಕು ಅಂತ ನಿಮ್ಮ ವಕೀಲರ ಹತ್ತಿರ ಮೊದಲೇ ಮಾತಾಡಿ. ಹಿಂಬಾಲಿಸಿದರೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 78 ಇದೆ. ತುರ್ತಿಗೆ 112, ಮಹಿಳಾ ಸಹಾಯವಾಣಿ 181.

ಮೈಸೂರಣ್ಣ:

ಎಲ್ಲರಿಗೂ ಥ್ಯಾಂಕ್ಸ್. ಮಹದೇವಣ್ಣ ಹೇಳಿದ್ದು ನಿಜ. ಮನೆ ಬ್ರೋಕರಿಗೆ ಫೋನ್ ಮಾಡಿ ಕೇಳಿದೆ, "ನಮ್ಮ ಹುಡುಗನೇ ಸಾರ್, ಫಿಲ್ಟರ್ ಬೇಕಾಗುತ್ತೆ ಅಂತ ನಾನೇ ಕೊಟ್ಟೆ" ಅಂತ ನಗುತ್ತಾ ಹೇಳಿದ. ನಂಬರ್ ಅಳಿಸಿ, ಇನ್ಯಾರಿಗೂ ಕೊಡಬೇಡ ಅಂತ ಗಟ್ಟಿಯಾಗಿ ಹೇಳಿದ್ದೇನೆ. ವಕೀಲರನ್ನೂ ನೋಡುತ್ತೇವೆ. ಇನ್ನೇನಾದರೂ ಬಿಟ್ಟುಹೋಗಿದೆಯಾ?

ಗಿರಿಜಾ ಟೀಚರ್:

ಮುಖ್ಯವಾದದ್ದೇ ಬಿಟ್ಟಿದೆ. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಬಳಸುತ್ತಿದ್ದ ಅಕೌಂಟ್‌ಗಳು. ಶಾಪಿಂಗ್ ಆ್ಯಪ್ ಹಳೆಯದೇ ಇದೆಯಾ? ಅವನ ಫೋನಲ್ಲೂ ಅದೇ ಲಾಗಿನ್ ಇದ್ದರೆ, ಇವರು ಮಗಳಿಗೆ ಒಂದು ಚಪ್ಪಲಿ ತರಿಸಿದರೂ ಹೊಸ ಅಡ್ರೆಸ್ ಅವನಿಗೆ ಅಲ್ಲೇ ಕಾಣುತ್ತೆ. ಗೂಗಲ್ ಅಕೌಂಟಲ್ಲಿ ಯಾವ ಯಾವ ಫೋನ್ ಸೇರಿವೆ, ಮ್ಯಾಪ್ಸಲ್ಲಿ ಲೊಕೇಶನ್ ಶೇರಿಂಗ್ ಆನ್ ಇದೆಯಾ ನೋಡಿ. ಜಂಟಿ ಖಾತೆಯ ಕಾರ್ಡ್ ಉಜ್ಜಿದರೆ ಯಾವ ಅಂಗಡಿ ಅಂತ ಸ್ಟೇಟ್‌ಮೆಂಟಲ್ಲಿ ಬರುತ್ತೆ. ಕಾರಿನ ಫಾಸ್ಟ್ಯಾಗ್ ಅವನ ನಂಬರಿಗೆ ಇದ್ದರೆ, ಮಂಡ್ಯ-ಮೈಸೂರು ದಾರಿಯ ಗಣಂಗೂರು ಟೋಲ್ ದಾಟಿದ್ದೂ ಅವನಿಗೆ ಎಸ್ಸೆಮ್ಮೆಸ್.

ಮಗಳ ಸ್ಕೂಲಲ್ಲೂ ಮಾತಾಡಿ. ಅಪ್ಪ ಅಂತ ಹೇಳಿಕೊಂಡು ಬಂದರೆ ಆಫೀಸಲ್ಲಿ ರಿಜಿಸ್ಟರ್ ತೆಗೆದು ಅಡ್ರೆಸ್ ಹೇಳಿಬಿಡುತ್ತಾರೆ, ಅವರಿಗೆ ಅದರಲ್ಲಿ ತಪ್ಪು ಕಾಣಲ್ಲ. ಹೆಡ್‌ಮಾಸ್ಟರಿಗೆ ಬರವಣಿಗೆಯಲ್ಲಿ ಕೊಡಿ, ಕೋರ್ಟ್ ಆದೇಶ ಸಿಕ್ಕಿದ ದಿನವೇ ಅದರ ಕಾಪಿಯನ್ನೂ ಕೊಡಿ.

ಮೈಸೂರಣ್ಣ:

ಮೇಡಂ, ಶಾಪಿಂಗ್ ಆ್ಯಪ್ ಹಳೆಯದೇ. ಅವನ ನಂಬರಲ್ಲೇ ಮಾಡಿದ್ದು. ಈಗಲೇ ಅವಳಿಗೆ ಫೋನ್ ಮಾಡ್ತೀನಿ. ಗ್ಯಾಸ್ ಕೂಡ ಅವನ ಹೆಸರಲ್ಲಿದೆ, ಇಲ್ಲಿಗೆ ಬದಲಾಯಿಸೋಣ ಅಂತಿದ್ದೆವು.

ಗಿರಿಜಾ ಟೀಚರ್:

ಬದಲಾಯಿಸಬೇಡಿ. ಹಳೆಯದು ಹಾಗೇ ಇರಲಿ, ತಂಗಿ ಹೆಸರಲ್ಲಿ ಹೊಸ ಕನೆಕ್ಷನ್ ತಗೊಳ್ಳಿ. ಶಾಪಿಂಗ್ ಆ್ಯಪಲ್ಲಿ ಬರೀ ಅಡ್ರೆಸ್ ಅಳಿಸಿದರೆ ಹಳೆಯ ಆರ್ಡರ್‌ನಲ್ಲಿ ಉಳಿದಿರುತ್ತೆ, ಅದನ್ನೂ ತೆರೆದು ನೋಡಿ. ಏನಾದರೂ ಕಂಡರೆ ಸ್ಕ್ರೀನ್‌ಶಾಟ್ ತಗೊಂಡು ನೇರ ವಕೀಲರ ಹತ್ತಿರ ಹೋಗಿ.